ಗ್ವಾಡಿ ಬಿದ್ದು ಕೂಸು ಹೋತು, ಮಂದಿ ತಾಯಿ ಕಡೆ ಬಟ್ಟ ಮಾಡಾಕತ್ತಾರ. ಹೊಣಿ ಯಾರದು?

ಪ್ರಶ್ನೆ ಕೇಳಿದವರು: ಧಾರವಾಡದ ಟೇಲರ್

ಎಲ್ಲಾರಿಗೂ ನಮಸ್ಕಾರ. ನಾನು ಧಾರವಾಡದಾಗ ಮನ್ಯಾಗ ಮಷೀನ್ ಇಟ್ಟಕೊಂಡು ಜಂಪರ್ ಹೊಲಿಯೂದು, ಫಾಲ್ ಹಚ್ಚೂದು ಮಾಡ್ತೀನಿ. ತವರುಮನಿ ರೋಣ ತಾಲೂಕಿನ ಒಂದು ಹಳ್ಳಿ. ಊರ ಹೆಸರು ಬರಿಯೂದಿಲ್ಲ, ಬರದ್ರ ಮತ್ತ ನನ್ನ ತಮ್ಮನ ಹೆಂಡ್ತಿ ಹೆಸರ ಬಾಯಿಂದ ಬಾಯಿಗೆ ತಿರಗತೈತಿ.

ಪಂಚಮಿ ಆಗಿ ಆರನೇ ದಿನ, ನಸುಕಿನ್ಯಾಗ, ನಮ್ಮ ಮನಿ ಪಡಸಾಲಿ ಗ್ವಾಡಿ ಬಿತ್ತು. ತಮ್ಮನ ಮಗಳು ಅದರ ಬಾಜೂಕ ಮಲಗಿದ್ಲು. ಒಂದನೇತ್ತಾ ಹೋಗಾಕಿ. ನಾಕ ದಿನದಿಂದ ಜಿಟಿಜಿಟಿ ಮಳಿ ಬಿಟ್ಟಿರಲಿಲ್ಲ. ತಮ್ಮ ಗದಗ ಎಪಿಎಂಸ್ಯಾಗ ಹಮಾಲಿ ಮಾಡ್ತಾನ. ಹೆಸರಿನ ಹಂಗಾಮು ಸುರು ಆಗಿತ್ತು, ರಾತ್ರಿ ಲಾರಿ ಬರ್ತಾವಂತ ಅಲ್ಲೇ ಉಳದಿದ್ದ. ಮನ್ಯಾಗ ಇದ್ದದ್ದು ತಾಯಿ ಮಗಳು ಇಬ್ಬರ.

ಮಾತಾಡಸಾಕ ಬಂದ ಹೆಣ್ಮಕ್ಕಳು ಆಕೀಗೆ ಕೇಳೂವಂಗ ಅಂದ್ರು: "ಬಿರಕ ಬಿಟ್ಟ ಗ್ವಾಡಿ ಬಾಜೂಕ ಹಡದಾಕಿ ಹೆಂಗ ಮಲಗಿಸಿದ್ಲು?" ಒಬ್ಬಾಕಿ ಅಲ್ಲ, ಬಂದವರೆಲ್ಲಾ. ನಮ್ಮ ಅತ್ತಿಯೂ ಅಂದ್ಲು. ತಮ್ಮನ ಹೆಂಡ್ತಿ ಅವತ್ತಿನಿಂದ ಯಾರ ಜೋಡಿನೂ ಮಾತಾಡವಲ್ಲಳು.

ಆ ಮನಿ ಹೆಂಗ ಐತಿ ಅಂತ ಮೊದಲ ಹೇಳ್ತೀನಿ, ಆಮ್ಯಾಲ ನೀವ ಹೇಳ್ರಿ.

ನಮ್ಮಜ್ಜ ಕಟ್ಟಿಸಿದ ಮನಿ. ಮಣ್ಣಿನ ಗ್ವಾಡಿ, ಮಣ್ಣಿನ ಮಾಳಗಿ. ಅಜ್ಜ ಹೋದ ಮ್ಯಾಲ ನಡುವ ಗ್ವಾಡಿ ಹಿಡದು ಈ ಕಡೆ ಅಪ್ಪಂದು, ಆ ಕಡೆ ಕಾಕಾಂದು ಅಂತ ಬಾಯಿಮಾತಿಲೆ ಆತು. ಕಾಕಾ ಹುಬ್ಬಳ್ಳಿಗೆ ಹೋಗಿ ಇಪ್ಪತ್ತು ವರ್ಷ ಆತು. 2019ರ ಮಳಿಗೆ ಅವರ ಭಾಗದ ಮಾಳಗಿ ಕುಸದು ಒಳಗ ಬಿತ್ತು. ಅವತ್ತಿನಿಂದ ಅದು ಹಾಳ ಮನಿ, ಒಳಗ ಜಾಲಿ ಬೆಳದೈತಿ. ಮಳಿ ಬಂದ್ರ ನೀರು ಹೊರಗ ಹೋಗಾಕ ದಾರಿ ಇಲ್ಲ, ನಡುವಿನ ಗ್ವಾಡಿ ಬುಡಕ್ಕ ನಿಂತಿರ್ತೈತಿ. ಬಿದ್ದದ್ದು ಅದ ಗ್ವಾಡಿ.

ತಮ್ಮನ ಹೆಸರು ಒಂದ ಸಲ ಗ್ರಾಮಸಭಾದಾಗ ಸರ್ಕಾರದ ಮನಿ ಪಟ್ಟಿಗೆ ಬಂದಿತ್ತು. ಉತಾರ (ಮನಿ ಯಾರ ಹೆಸರಿಲೆ ಐತಿ ಅನ್ನೂ ಕಾಗದ) ತಾ ಅಂದ್ರು. ಉತಾರ ಇನ್ನೂ ಅಜ್ಜನ ಹೆಸರಿಲೆ ಐತಿ. ಕಾಕಾನ ಸಹಿ ಬೇಕಂತ ಹೇಳಿ ಕಳಿಸಿದ್ರು. ಕಾಕಾ "ಮೊದಲ ವಾಟ್ನಿ ಆಗ್ಲಿ, ಆಮ್ಯಾಲ ಸಹಿ" ಅಂದ. ವಾಟ್ನಿ ಅಂದ್ರ ಆಸ್ತಿ ಪಾಲು. ವಾಟ್ನಿ ಆಗಲಿಲ್ಲ, ಪಟ್ಟ್ಯಾಗಿನ ಹೆಸರು ಬ್ಯಾರೆಯವರಿಗೆ ಹೋತು.

ಗೃಹಲಕ್ಷ್ಮಿ 2,000 ರೂಪಾಯಿ ಬಂದಾಗ ಅದರಾಗ ಆಕಿ ಒಂದು ತಾಡಪತ್ರಿ ತಂದು ಮಾಳಗಿ ಮ್ಯಾಲ ಹಾಸಿದ್ಲು. ಇಡೀ ಮಾಳಗಿಗೆ ಸಾಲಲಿಲ್ಲ, ಅರ್ಧಕ್ಕ ಬಂತು. ಪಡಸಾಲಿಯ ಆ ಗ್ವಾಡಿ ಕಡೆ ಅರ್ಧ. ಅಡಗಿ ಮನ್ಯಾಗ, ಬಾಗಲ ಕಡೆ, ಎಲ್ಲಾ ಸೋರತಿತ್ತು. ಬೋಗಾಣಿ, ಬಕೀಟು, ಪರಾತ ಎಲ್ಲಾ ಇಟ್ಟಿದ್ಲು. ಸೋರಲಾರದ ಜಾಗಾ ಆ ಗ್ವಾಡಿ ಬಾಜೂಕ ಒಂದ ಇತ್ತು. ಕೂಸಿಗೆ ಎರಡ ದಿನದಿಂದ ಜ್ವರ. ಒಣಗಿದ ಜಾಗಾದಾಗ ಹಾಸಿ, ನಾ ಹೊಲದು ಕೊಟ್ಟಿದ್ದ ಕೌದಿ ಹೊದಸಿ ಮಲಗಿಸಿದ್ಲು. ತಾ ಸೋರೂ ಕಡೆ ಕುಂತು ಬೋಗಾಣಿ ಚೆಲ್ಲತಿದ್ಲು. ಅದಕ್ಕ ಆಕಿ ಉಳದಾಳ.

ಇನ್ನೊಂದು ಮಾತು ಹೇಳಬೇಕು. ಪಂಚಮಿಗೆ ನಾ ಹೋಗಿದ್ದೆ. ಆ ಗ್ವಾಡಿ ಬಿರಕು ನನ್ನ ಹೆಬ್ಬಟ್ಟು ಹೋಗೂವಷ್ಟು ಆಗಿತ್ತು. ಬಂದವರಿಗೆ ಕಾಣಬಾರದಂತ ಅದರ ಮ್ಯಾಲ ಕ್ಯಾಲೆಂಡರ್ ಜೋತ ಬಿಟ್ಟಾಕಿ ನಾನ. ಎರಡ ರಾತ್ರಿ ಅದ ಗ್ವಾಡಿ ಕೆಳಗ ಮಲಗಿ ಬಂದೆ. ಅದಕ್ಕೂ ಮೊದಲ ಯುಗಾದಿಗೆ ತಮ್ಮ ಫೋನ್ ಮಾಡಿ, "ಅಕ್ಕಾ, ಹಿತ್ತಲದಾಗ ಒಂದು ತಗಡಿನ ಶೆಡ್ ಹಾಕ್ಕೋತೀವಿ, ಮಳಿಗಾಲ ಕಳಿಯಾಕ. 20,000 ಕೊಡು" ಅಂದಿದ್ದ. ನನ್ನ ಕಡೆ ಮಗಳ ಕಾಲೇಜಿನ ಫೀ ಅಂತ ಇಟ್ಟ ರೊಕ್ಕ ಇತ್ತು. "ದೀಪಾವಳಿ ಆದ ಮ್ಯಾಲ ನೋಡೂಣು" ಅಂದೆ.

ಹೊಣಿ ಯಾರದು ಹೇಳ್ರಿ. ನನಗ ಸಮಾಧಾನದ ಮಾತು ಬ್ಯಾಡ. "ಹಣೇಬರಹ" ಅಂತೂ ಬ್ಯಾಡ, ಅದನ್ನ ಕೇಳಿ ಕೇಳಿ ಸಾಕಾಗೈತಿ. ಅದು ಹಣೇಬರಹ ಆಗಿದ್ರ ತಾಯಿಗೆ ಯಾಕ ಬಯ್ಯಬೇಕು?

—

ಉತ್ತರ: ಹುಬ್ಬಳ್ಳಿಯವ

ಅಕ್ಕಾರ, ನಿಮ್ಮ ದುಃಖ ಅರ್ಥ ಆಗತ್ತೆ. ಆದ್ರೂ ಅನಿಸಿದ್ದನ್ನ ನೇರವಾಗಿ ಹೇಳ್ತೀನಿ. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಗಿರಣಿ ಕಾರ್ಮಿಕ. ಗಿರಣಿ ನಿಂತ ಮೇಲೆ ನಾವು ಐದು ಜನ ಒಂದು ಖೋಲಿಯಲ್ಲಿ ಬೆಳೆದವರು. ಜೋರು ಮಳೆ ಬಂದ್ರೆ ನಮ್ಮವ್ವ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹನುಮಪ್ಪನ ಗುಡಿ ಕಟ್ಟೆಗೆ ಹೋಗ್ತಿದ್ದಳು. ನಿದ್ದೆಗಣ್ಣಲ್ಲಿ ಅಳ್ತಾ ಹೋಗಿದ್ದು ಈಗಲೂ ನೆನಪಿದೆ. ಅವಳ ಹತ್ತಿರ ಒಂದು ರೂಪಾಯಿ ಇರಲಿಲ್ಲ, ಆದ್ರೂ ಮಕ್ಕಳನ್ನ ಉಳಿಸಿಕೊಂಡಳು. ಬಡತನ ಇದೆ ಅಂತ ತಂದೆತಾಯಿಯ ಹೊಣೆ ಕಡಿಮೆ ಆಗಲ್ಲ. ಎಲ್ಲದಕ್ಕೂ ಸರ್ಕಾರ, ಕಾಕಾ, ಪಂಚಾಯ್ತಿ ಅಂದ್ರೆ ನಾಳೆ ಇನ್ನೊಬ್ಬರು ಎಚ್ಚರ ವಹಿಸ್ತಾರಾ? ಬೈಯೋದು ಬೇಡ, ಒಪ್ತೀನಿ. ಆದ್ರೆ ಕೂಸನ್ನ ಅಲ್ಲಿ ಮಲಗಿಸಿದ್ದು ತಪ್ಪು. ಅದನ್ನ ತಪ್ಪು ಅಂತ ಹೇಳಲೇಬೇಕು.

—

ಧಾರವಾಡದ ಟೇಲರ್

ಅಣ್ಣಾರ, ನಿಮ್ಮ ಅವ್ವಗ ಕೈ ಮುಗಿತೀನಿ. ನಮ್ಮೂರಾಗೂ ಗುಡಿ ಐತಿ, ಪೌಳಿ ಐತಿ. ಹೋಗಬಹುದಿತ್ತು, ಖರೆ. ಇದನ್ನ ನಾನೂ ರಾತ್ರಿ ನೂರ ಸಲ ಅಂದಕೊಂಡೀನಿ.

ಆದರ ಒಂದು ವಿಚಾರ ಮಾಡ್ರಿ. ಮನಿ ಬಿಟ್ಟು ಹೋಗಬೇಕಂದ್ರ ಇವತ್ತ ರಾತ್ರಿ ಗ್ವಾಡಿ ಬೀಳತೈತಿ ಅಂತ ಅನಿಸಬೇಕಲ್ಲ. ಆ ಬಿರಕು ಬಿಟ್ಟು ಮೂರ ಮಳಿಗಾಲ ಆಗಿತ್ತು. ಮೊದಲನೇ ವರ್ಷ ಆಕಿ ಅಂಜಿ ಎಂಟ ದಿನ ಬಾಜೂ ಮನ್ಯಾಗ ಮಲಗಿದ್ಲು. ಬೀಳಲಿಲ್ಲ. ಎರಡನೇ ವರ್ಷ ಎರಡ ದಿನ ಹೋಗಿ ಬಂದ್ಲು. ಬೀಳಲಿಲ್ಲ. ಬಾಜೂ ಮನಿಯವರು "ಮತ್ತ ಬಂದ್ರ್ಯಾ?" ಅಂತ ನಕ್ಕಿದ್ರಂತ. ಬೀಳಲಾರದ ರಾತ್ರಿಗೋಳ ಆಕೀಗೆ ಧೈರ್ಯ ಕಲಿಸಿದವು. ಛಲೋ ಮನಿ ಇದ್ದವರಿಗೆ ದಿನಾ ರಾತ್ರಿ ಇಂಥಾ ಲೆಕ್ಕ ಹಾಕೂದ ಇರೂದಿಲ್ಲ. ನನಗ ಇಲ್ಲ, ನಿಮಗೂ ಈಗ ಇರಲಿಕ್ಕಿಲ್ಲ. ಆಕೀಗೆ ಮಳಿಗಾಲದ ಪ್ರತಿ ರಾತ್ರಿ ಇತ್ತು. ನೂರ ರಾತ್ರಿ ಸರಿ ಲೆಕ್ಕ ಹಾಕಿ ಒಂದ ರಾತ್ರಿ ತಪ್ಪಿದಾಕೀನ್ನ ಹಿಡದು ಕೇಳ್ತೀವಿ. ಒಂದ ಸಲನೂ ಲೆಕ್ಕ ಹಾಕದ ನಾವು ಉಳದವರು ಆರಾಮ ಇದ್ದೀವಿ.

ಜ್ವರ ಬಂದ ಕೂಸು, ಕತ್ತಲಿ, ಮಳಿ, ಗಂಡ ಊರಾಗಿಲ್ಲ. ಆಕಿ ನೋಡಿದ್ದು ಜ್ವರ. ಒಣ ಜಾಗಾ ಹುಡುಕಿದ್ಲು. ಅದನ್ನ ತಪ್ಪು ಅನ್ನಾಕ ನನ್ನ ನಾಲಗಿ ಏಳವಲ್ದು.

—

ಉತ್ತರ: ಗೌಂಡಿ, ಗದಗ

ಅಕ್ಕಾರ, ನಾ ಇಪ್ಪತ್ತಾರ ವರ್ಷದಿಂದ ಗೌಂಡಿ ಕೆಲಸ ಮಾಡಾಂವ. ಬರಿಯಾಕ ಅಷ್ಟ ಬರೂದಿಲ್ಲ, ಮಗನ ಕಡಿಂದ ಬರಸಾಕತ್ತೀನಿ.

ನೀವು ಹೇಳಿದ್ದರಾಗ ಕ್ಯಾಲೆಂಡರ್ ಮಾತು ಬಿಡ್ರಿ. ಗ್ವಾಡಿ ಬಿದ್ದದ್ದು ಬಿರಕಿನಿಂದ ಅಲ್ಲ, ಬುಡ ತೊಯ್ದದ್ದರಿಂದ. ಮಣ್ಣಿನ ಗ್ವಾಡಿ ಒಣಗಿದ್ದಾಗ ಎಷ್ಟ ಭಾರ ಹಾಕಿದ್ರೂ ತಡಿತೈತಿ. ನಮ್ಮ ಕಡೆ ನೂರ ವರ್ಷದ ಮಣ್ಣಿನ ಮನಿ ಇನ್ನೂ ನಿಂತಾವ. ಆದರ ಬುಡಕ್ಕ ನೀರ ನಿಂತ್ರ ಅದು ಮತ್ತ ಕೆಸರ ಆಕ್ಕೈತಿ. ಮ್ಯಾಲಿನ ಭಾರ ಕಮ್ಮಿ ಇಲ್ಲ. 10 ಬೈ 12 ಖೋಲಿ ಮ್ಯಾಲ ಒಂದ ಫೂಟ ಸವಳ ಮಣ್ಣ ಅಂದ್ರ 5 ಟನ್ನ ಮ್ಯಾಲ ಆತು. ವರ್ಷಾ ಸೋರತೈತಿ ಅಂತ ಮ್ಯಾಲ ಮತ್ತ ಮಣ್ಣ ಹಾಕ್ತಾರ. ಹಳೀದು ತಗಿಯೂದಿಲ್ಲ. ಅದು ಮಳಿ ನೀರ ಕುಡದ್ರ ಇನ್ನೂ ಭಾರ.

ಒಂದು ಕೇಳ್ತೀನಿ. ಆ ಗ್ವಾಡಿಗೆ ಕೆಳಗ ಎರಡ ಮೂರ ಫೂಟ ಸಿಮೆಂಟ್ ಗಿಲಾವ ಮಾಡಿಸಿದ್ರೇನು? ಬಹಳ ಮಂದಿ ಮಾಡಸ್ತಾರ. ಪಕ್ಕಾ ಕಾಣತೈತಿ, ಇಲಿ ತೋಡೂದಿಲ್ಲ ಅಂತ. ಮಣ್ಣಿನ ಗ್ವಾಡಿಗೆ ಸಿಮೆಂಟ್ ಹಚ್ಚಿದ್ರ ಒಳಗಿನ ತಂಪು ಹೊರಗ ಹೋಗೂದಿಲ್ಲ. ಗಿಲಾವ ಮ್ಯಾಲ ನೋಡಾಕ ಗಟ್ಟಿ, ಒಳಗ ರಾಡಿ. ಮಳಿ ಹೊಳವಾಗಿ ಬಿಸಲ ಬಿದ್ದ ಮ್ಯಾಲೂ ಇಂಥಾವು ಬೀಳ್ತಾವ. ಸುಣ್ಣ ಇಲ್ಲಾ ಮಣ್ಣಿನ ಗಿಲಾವ ಇದ್ರ ತಂಪು ಕಣ್ಣಿಗೆ ಕಾಣತೈತಿ, ಮಂದಿ ಎಚ್ಚರ ಆಗ್ತಾರ.

ನಿಮ್ಮ ಕಡೆ ಎರಿ ಭೂಮಿ ಬ್ಯಾರೆ. ಬ್ಯಾಸಗಿಗೆ ಕೈ ಹೋಗೂವಷ್ಟು ಬಾಯಿ ಬಿಡತೈತಿ, ಮಳಿಗೆ ಉಬ್ಬತೈತಿ. ಪಾಯಾ ಗರಸು ಹತ್ತೂತನಕ ಇಳೀಬೇಕು. ಅದಕ್ಕ ಎರಿ ಊರಾಗ ಪಾಯಾಕ್ಕ ಖರ್ಚು ಜಾಸ್ತಿ. ಸರ್ಕಾರದ ಮನಿ ಬಂದ್ರೂ ಪಾಯಾ ಮುಗಿಸಿ ಫೋಟೋ ಕೊಟ್ಟ ಮ್ಯಾಲ ಮೊದಲನೇ ಕಂತು. ಆ ಪಾಯಾದ ರೊಕ್ಕ ಇಲ್ಲದಕ್ಕ ಮಂಜೂರಾದ ಮನಿ ವಾಪಸ್ ಹೋದದ್ದು ನಾ ಕಣ್ಣಾರೆ ನೋಡೀನಿ.

ಹಾಳ ಮನ್ಯಾಗಿನ ನೀರಿಗೆ ಒಂದ ಗಟಾರ ಹೊಡದಿದ್ರ ಆ ಗ್ವಾಡಿ ಇನ್ನಷ್ಟು ವರ್ಷ ನಿಲ್ಲತಿತ್ತೋ ಏನೋ. ಎರಡ ಆಳಿನ ಅರ್ಧ ದಿನದ ಕೆಲಸ. ಅದು ಯಾರ ಜಾಗಾ, ಯಾರ ಹೊಡೀಬೇಕಿತ್ತು, ಅದನ್ನ ನೀವ ಲೆಕ್ಕ ಮಾಡ್ಕೋರಿ.

ಉಳದ ಗ್ವಾಡಿ ಕೆಳಗ ಯಾರನ್ನೂ ಮಲಗಿಸಬ್ಯಾಡ್ರಿ. ಮಾಳಗಿ ಮಣ್ಣ ಮೊದಲ ಇಳಸ್ರಿ.

—

ಧಾರವಾಡದ ಟೇಲರ್

ಗಿಲಾವ ಮಾಡಿಸಿದ್ವಿ ಅಣ್ಣಾರ. ಅಪ್ಪ ಇದ್ದಾಗ, ನನ್ನ ಮದವಿ ಮುಂದ. ಬೀಗರು ಬರ್ತಾರಂತ.

—

ಉತ್ತರ: ನಿವೃತ್ತ ತಲಾಠಿ, ಹಾವೇರಿ

ತಂಗಿ, ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. 2019ರಲ್ಲಿ ನೆರೆ ಬಂದಾಗ ಬಿದ್ದ ಮನೆಗಳ ಸಮೀಕ್ಷೆಗೆ ಹೋಗಿದ್ದೆ. ಹೊಣೆಯ ಮಾತು ಆಮೇಲೆ. ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ, ಯಾಕೆಂದರೆ ದಿನ ಕಳೆದಂತೆ ಪಂಚನಾಮೆ ಕಷ್ಟ ಆಗುತ್ತದೆ.

ಮಳೆಗೆ ಗೋಡೆ ಬಿದ್ದು ಜೀವ ಹೋದರೆ ವಿಪತ್ತು ಪರಿಹಾರ ನಿಧಿಯಿಂದ 4 ಲಕ್ಷ ರೂಪಾಯಿ ಇದೆ. ಪೊಲೀಸರ ಯುಡಿಆರ್ (ಅಸಹಜ ಸಾವಿನ ವರದಿ) ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಸ್ಥಳ ಪಂಚನಾಮೆ, ಇವು ಮೂರೂ ನಿಮ್ಮ ಕೈಯಲ್ಲಿ ಇರಲಿ, ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ. ಮನೆಯದು ಬೇರೆ. ಪೂರ್ಣ ಹಾನಿ ಎಂದು ಬರೆದರೆ 1.20 ಲಕ್ಷ. ಭಾಗಶಃ ಹಾನಿ, ಕಚ್ಚಾ ಮನೆ ಎಂದು ಬರೆದರೆ 4,000. ಒಂದು ಪದದ ಮೇಲೆ ಅಷ್ಟು ಅಂತರ. ಒಂದೇ ಗೋಡೆ ಬಿದ್ದಿದೆ ಅಂತ ಭಾಗಶಃ ಬರೆದಾರು. ಉಳಿದದ್ದು ವಾಸಕ್ಕೆ ಯೋಗ್ಯವಿಲ್ಲ ಎಂದು ಎಂಜಿನಿಯರ್ ಬಂದು ನೋಡಿ ಬರೆಯಲಿ ಅಂತ ಕೇಳಿ. ಉತಾರ ಅಜ್ಜನ ಹೆಸರಲ್ಲಿದ್ದರೂ ವಾಸ ಇದ್ದದ್ದಕ್ಕೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು ಲಗತ್ತಿಸಿ.

ಯುಡಿಆರ್ ಅಂದರೆ ತಾಯಿ ಮೇಲೆ ಕೇಸು ಅಂತ ಊರಲ್ಲಿ ಯಾರಾದರೂ ಹೆದರಿಸಿದ್ದರೆ ನಂಬಬೇಡಿ. ಅದು ಅಸಹಜ ಸಾವಿನ ವಿಚಾರಣೆ. ಮೊದಲು ಸಿಆರ್‌ಪಿಸಿ (ಹಳೆಯ ಅಪರಾಧ ಪ್ರಕ್ರಿಯಾ ಕಾನೂನು) 174ನೇ ಕಲಂ ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 194. ಸಾವು ಹೇಗಾಯಿತು ಎಂದು ದಾಖಲೆ ಮಾಡುವುದಷ್ಟೇ.

ಉತಾರಕ್ಕೆ ವಾಟ್ನಿ ಆಗಲೇಬೇಕು ಅಂತ ನಿಮ್ಮ ತಮ್ಮನಿಗೆ ಹೇಳಿದವರು ಅರ್ಧ ಮಾತು ಹೇಳಿದ್ದಾರೆ. ವಂಶವೃಕ್ಷ ತೆಗೆಸಿ ವಾರಸಾ ಹಚ್ಚಿದರೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಸೇರುತ್ತದೆ. ಆಮೇಲೆ ಹಿಸ್ಸೆ ಯಾರದು ಎಷ್ಟು ಅನ್ನುವುದು ಬೇರೆ ವ್ಯವಹಾರ. ಅಜ್ಜ ತೀರಿದಾಗಲೇ ಇದು ಆಗಬೇಕಿತ್ತು. ನಮ್ಮ ಕಡೆ ಯಾರೂ ಮಾಡಿಸುವುದಿಲ್ಲ, ಮಾಡಿಸಿ ಅಂತ ನಾವೂ ಮನೆ ಮನೆಗೆ ಹೋಗಿ ಹೇಳಲಿಲ್ಲ.

ಈಗ ಹೊಣೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಸೀಮೆಗೆ 1.20 ಲಕ್ಷ ಇಟ್ಟರು. ಅದಾದ ಮೇಲೆ ಸಿಮೆಂಟು, ಕಬ್ಬಿಣ, ಉಸುಕು ಎಲ್ಲ ಏರಿತು, ಆ ಮೊತ್ತ ಏರಲಿಲ್ಲ. ಫಲಾನುಭವಿಗಳನ್ನು ಮೊದಲು ಆರಿಸಿದ್ದು 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆಯಿಂದ. ಆಗ ನಿಮ್ಮ ತಮ್ಮ ತಂದೆಯ ಕುಟುಂಬದಲ್ಲೇ ಇದ್ದಿರಬೇಕು. ಬೀಳುವ ಸ್ಥಿತಿಯ ಕಟ್ಟಡಕ್ಕೆ ನೋಟಿಸ್ ಕೊಟ್ಟು ತೆರವು ಮಾಡಿಸುವುದು ಪಂಚಾಯ್ತಿಯ ಕೆಲಸ. ಆದರೆ ಎಲ್ಲಿ ಕಳಿಸುತ್ತೀರಿ ಅಂತ ಆ ಮನೆಯವರು ಕೇಳಿದರೆ ಉತ್ತರ ಇರುವುದಿಲ್ಲ, ಅದಕ್ಕೇ ನೋಟಿಸೂ ಹೋಗುವುದಿಲ್ಲ. ಕಚೇರಿಯವರು ಎಲ್ಲರೂ ಕಲ್ಲು ಮನಸ್ಸಿನವರಲ್ಲ ತಂಗಿ. ಒಬ್ಬೊಬ್ಬರೂ ತಮ್ಮ ತಮ್ಮ ಕಾಗದ ಸರಿಯಾಗಿ ನೋಡಿದ್ದಾರೆ. ಗೋಡೆ ನೋಡುವುದು ಯಾರ ಕಾಗದದಲ್ಲೂ ಇರಲಿಲ್ಲ.

—

ಉತ್ತರ: ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಅಕ್ಕಾ, ಎಲ್ಲಾರೂ ಹೊಣಿ ಬಗ್ಗೆ ಬರದಾರ. ನಾನು ನಿಮ್ಮ ತಮ್ಮನ ಹೆಂಡ್ತಿ ಬಗ್ಗೆ ಕೇಳ್ತೀನಿ. ಉಣ್ಣಾಕತ್ತಾಳೇನು? ನಿದ್ದಿ ಬರ್ತೈತೇನು? "ನನ್ನೂ ಕರಕೊಂಡು ಹೋಗಬೇಕಿತ್ತು" ಅನ್ನೂ ಮಾತು ಆಡ್ಯಾಳೇನು? ಆಡಿದ್ರ "ಹಂಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಸಬ್ಯಾಡ್ರಿ. ಬಾಜೂಕ ಕುಂತು ಕೇಳ್ರಿ. ಒಬ್ಬಾಕೀನ್ನ ಬಿಡಬ್ಯಾಡ್ರಿ. 14416ಕ್ಕ ಫೋನ್ ಮಾಡ್ರಿ, ಅದು ಟೆಲಿ ಮಾನಸ್, ಮನಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ, ಪುಕ್ಕಟೆ, ರಾತ್ರಿ ಹಗಲು ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಾಗ ಮಾತಾಡ್ತಾರ. ನೀವು ಧಾರವಾಡದಾಗ ಇದ್ದೀರಿ, ಡಿಮ್ಹಾನ್ಸ್, ಮಾನಸಿಕ ಆರೋಗ್ಯದ ಸರ್ಕಾರಿ ದವಾಖಾನಿ, ನಿಮ್ಮ ಊರಾಗ ಐತಿ. ಹುಚ್ಚರ ದವಾಖಾನಿ ಅಂತ ಮಂದಿ ಅಂತಾರಂತ ಹಿಂಜರೀಬ್ಯಾಡ್ರಿ.

ದಿನಾ ಕಾರ್ಯ ಮುಗಿಯೂತನಕ ಮನಿ ತುಂಬ ಮಂದಿ ಇರ್ತಾರ. ಎರಡು ಮೂರು ತಿಂಗಳಾದ ಮ್ಯಾಲ ಯಾರೂ ಇರೂದಿಲ್ಲ. ನಾ ನೋಡಿದ ತಾಯಂದ್ರಿಗೆ ಕಷ್ಟ ಆದದ್ದು ಅವಾಗ. ಬಯ್ಯಾಕ ಬರೂ ಹೆಣ್ಮಕ್ಕಳಿಗೆ ಬಾಗಲದಾಗ ನಿಂತು ನೀವ ಹೇಳ್ರಿ, "ಒಳಗ ಬರೂದಾದ್ರ ಆ ಮಾತು ಹೊರಗ ಬಿಟ್ಟು ಬರ್ರಿ" ಅಂತ.

—

ಹುಬ್ಬಳ್ಳಿಯವ

ನಾನು ಹೇಳಿದ್ದರಲ್ಲಿ ಮಕ್ಕಳ ಎಚ್ಚರದ ಮಾತು ಈಗಲೂ ಸರಿ ಅಂತ ನನಗನಿಸತ್ತೆ. ಆದ್ರೆ ನಮ್ಮವ್ವ ಗುಡಿಗೆ ಹೋದಾಗ ಪೂಜಾರಿ ಬಾಗಿಲು ತೆಗೆದು ಕಂಬಳಿ ಕೊಡ್ತಿದ್ದರು. ಯಾರೂ ನಗ್ತಿರಲಿಲ್ಲ. ಅದನ್ನ ಮೊದಲು ಬರೆಯಲಿಲ್ಲ.

—

ಧಾರವಾಡದ ಟೇಲರ್

ಎಲ್ಲಾರಿಗೂ ಉಪಕಾರ ಆತು. ರವಿವಾರ ಊರಿಗೆ ಹೋಗಿದ್ದೆ.

ತಲಾಠಿ ಅಣ್ಣಾರು ಹೇಳಿದಂಗ ಕಾಗದ ಎಲ್ಲಾ ಕೂಡಿಸಿ ಸೋಮವಾರ ಅರ್ಜಿ ಕೊಟ್ವಿ. ಪಂಚನಾಮೆದಾಗ "ಭಾಗಶಃ" ಅಂತನ ಬರದಿದ್ರು. ಎಂಜಿನಿಯರ್ ಬಂದು ನೋಡ್ಲಿ ಅಂತ ಬ್ಯಾರೆ ಅರ್ಜಿ ಬರದು ಸ್ವೀಕೃತಿ ತಗೊಂಡು ಬಂದೀವಿ.

ಕಾಕಾನೂ ಬಂದಿದ್ದ. ಮೂರ ದಿನದ ಕಾರ್ಯಕ್ಕ ಬಂದು ಅತ್ತಿದ್ದ, ಈಗೂ ಅತ್ತ. ವಾರಸಾ ಹಚ್ಚಾಕ ವಂಶವೃಕ್ಷಕ್ಕ ಸಹಿ ಮಾಡು ಅಂದೆ. "ಈಗ ಸಹಿ ಮಾಡಿದ್ರ ಅವತ್ತ ಮಾಡಲಿಲ್ಲ ಅದಕ್ಕ ಕೂಸು ಹೋತು ಅಂತ ನಾನ ಒಪ್ಪಕೊಂಡಂಗ ಆಗತೈತವಾ" ಅಂದ. ನನಗ ಸಿಟ್ಟು ಬರಲಿಲ್ಲ. ಅಂವನೂ ರಾತ್ರಿ ಮಲಗಿಲ್ಲ ಅಂತ ಮಾರಿ ನೋಡಿದ್ರ ತಿಳಿತಿತ್ತು. "ಕಾಕಾ, ನಾ 20,000 ಕೊಡಲಿಲ್ಲ, ಅದು ನಂದು. ಗಟಾರ ಹೊಡಿಸಲಿಲ್ಲ, ಸಹಿ ಕೊಡಲಿಲ್ಲ, ಅದು ನಿಂದು. ನಮ್ಮ ನಮ್ಮದು ನಾವು ತಗೊಂಡ್ರ ಆಕಿ ಮ್ಯಾಲ ಬೀಳೂದು ಕಮ್ಮಿ ಆಗತೈತಿ" ಅಂದೆ. ಅಂವ ಏನೂ ಅನ್ನದ ಬಸ್ಸಿಗೆ ಹೋದ. ಸಹಿ ಇನ್ನೂ ಆಗಿಲ್ಲ. ಬರೂ ವಾರ ನಾನ ಹುಬ್ಬಳ್ಳಿಗೆ ಹೋಗ್ತೀನಿ.

ರಾತ್ರಿ ತಮ್ಮನ ಹೆಂಡ್ತಿ ಬಾಜೂಕ ಕುಂತು ಕ್ಯಾಲೆಂಡರ್ ಮಾತು ಹೇಳಿದೆ. ಬಿರಕ ಮುಚ್ಚಿದಾಕಿ ನಾನ ಅಂದೆ. ಬಹಳ ಹೊತ್ತು ಸುಮ್ಮನಿದ್ಲು. ಆಮ್ಯಾಲ ಅಷ್ಟ ದಿನಕ್ಕ ಮೊದಲನೇ ಸಲ ಬಾಯಿ ಬಿಟ್ಲು: "ಮೊಳಿ ಹುಡುಕಿ ಕೊಟ್ಟಾಕಿ ನಾನ ಅಲ್ಲೇನಕ್ಕಾ." ಇಬ್ಬರೂ ಅತ್ತಿವಿ. ಮುಂಜಾನೆ ಅರ್ಧ ರೊಟ್ಟಿ ತಿಂದ್ಲು.

ಈಗ ಆಕಿ ನನ್ನ ಜೋಡಿ ಧಾರವಾಡದಾಗ ಇದ್ದಾಳ. ಗುರುವಾರ ಡಿಮ್ಹಾನ್ಸಿಗೆ ಕರಕೊಂಡು ಹೋಗ್ತೀನಿ. ತಮ್ಮ ಗೆಳ್ಯಾರ ಜೋಡಿ ಮಾಳಗಿ ಮಣ್ಣ ಇಳಸಾಕತ್ತಾನ. ಗೌಂಡಿ ಅಣ್ಣಾರು ಶುಕ್ರವಾರ ಬಂದು ಉಳದ ಗ್ವಾಡಿ ನೋಡ್ತೀನಿ, ರೊಕ್ಕ ಬ್ಯಾಡ ಅಂದಾರ. ಊರ ಹೆಸರು ಅವರಿಗೆ ಬ್ಯಾರೆ ಬರದು ಕಳಿಸೀನಿ.